ಎರಡು ಸಾದಾ ಗಿಟಾರ್‌ನಲ್ಲಿ ಹೋಟೆಲ್ ಕ್ಯಾಲಿಫೋರ್ನಿಯಾ: ಕಾರವಾರದಿಂದ ನನ್ನ ಅನುಭವ

ಹನ್ನೆರಡು ತಂತಿಯ ಗಿಟಾರ್ ಇಲ್ಲದೆ ಅಮೆರಿಕದ ಈಗಲ್ಸ್ ಬ್ಯಾಂಡಿನ ಈ ಹಾಡಿಗೆ ಕೈ ಹಾಕಬೇಡ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮಡಗಾಂವ್‌ನಲ್ಲಿ ಮದುವೆ ಬ್ಯಾಂಡ್‌ಗೆ ನುಡಿಸುವ ಹಿರಿಯರೊಬ್ಬರು ತಲೆ ಅಲ್ಲಾಡಿಸಿ, "ತಮಾ, ಆ ಮಿಂಚು ಆರು ತಂತಿಯಲ್ಲಿ ಬರೋದಿಲ್ಲ, ಸುಮ್ನೆ ದುಡ್ಡು ಹಾಳು ಮಾಡ್ಕೋಬೇಡ" ಅಂದಿದ್ದರು. ಈಗ ಎರಡು ಸೀಸನ್ ಆಯಿತು. ಗೋಕರ್ಣದ ಕುಡ್ಲೆ ಬೀಚ್ ಕಡೆ ನಾನು ಮತ್ತು ನನ್ನ ಶಿಷ್ಯ ಎರಡು ಸಾದಾ ಗಿಟಾರ್ ಹಿಡಿದು ಇದನ್ನೇ ನುಡಿಸುತ್ತಿದ್ದೇವೆ. ಕಣ್ಣು ಮುಚ್ಚಿ ಕೇಳಿದವರು ಹನ್ನೆರಡು ತಂತಿ ಎಲ್ಲಿದೆ ಅಂತ ಹುಡುಕುತ್ತಾರೆ. ಆ ಹಿರಿಯರೂ ಒಂದು ಸಂಜೆ ಬಂದು ಕೇಳಿ, "ಹೇಗೆ ಮಾಡ್ದೆ?" ಅಂತ ಕೇಳಿದರು. ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ, ಎಲ್ಲವನ್ನೂ ಅಲ್ಲ.

ಹನ್ನೆರಡು ತಂತಿಯದ್ದನ್ನೂ ನಾನು ಇಟ್ಟುಕೊಂಡು ನೋಡಿದ್ದೇನೆ. ಹೊಸದಕ್ಕೆ 15 ಸಾವಿರದ ಆಸುಪಾಸು ಹೇಳಿದರು, ಹಳೆಯದೊಂದು 9 ಸಾವಿರಕ್ಕೆ ಸಿಕ್ಕಿತು. ಬೇಸಿಗೆ ಪೂರ್ತಿ ಚೆನ್ನಾಗಿತ್ತು. ಜೂನ್ ಮಳೆ ಶುರುವಾದ ಮೇಲೆ ನಮ್ಮ ಕರಾವಳಿಯ ತೇವ ಗೊತ್ತಲ್ಲ, ಗೋಡೆಯೇ ಬೆವರುತ್ತದೆ, ಇನ್ನು ತೆಳು ಹಲಗೆಯ ಪಾಡೇನು. ಅದರ ಮೇಲೆ ಹನ್ನೆರಡು ತಂತಿಯ ಎಳೆತ ಬೇರೆ. ಹೊಟ್ಟೆ ಉಬ್ಬಿತು, ತಂತಿ ಕಟ್ಟುವ ಬ್ರಿಜ್ ಹಿಂದಿನಿಂದ ಮೇಲಕ್ಕೆ ಎದ್ದಿತು, ಒಂದು ರಾತ್ರಿ ಟಪ್ ಅಂತ ಪೂರಾ ಕಿತ್ತು ಬಂತು. ರಿಪೇರಿಗೆ ಗೋವಾಕ್ಕೆ ಒಯ್ದರೆ 4 ಸಾವಿರ ಅಂದರು. ಮಾಡಿಸಿ ಅರ್ಧ ಬೆಲೆಗೆ ಮಾರಿಬಿಟ್ಟೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಇರುವವರು ಅಗ್ಗದ ಹನ್ನೆರಡು ತಂತಿಯದ್ದನ್ನು ತಗೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಹನ್ನೆರಡು ತಂತಿಯಲ್ಲಿ ಮೇಲಿನ ನಾಲ್ಕು ದಪ್ಪ ತಂತಿಗಳಿಗೆ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ ಮೇಲಿನ ತೆಳು ಜೋಡಿ ಇರುತ್ತದೆ, ಬಿ ಮತ್ತು ತೆಳು ಇ ತಂತಿಗೆ ಅದೇ ಸ್ವರದ ಜೋಡಿ. ಹಾಗಾದರೆ ಒಂದು ಗಿಟಾರ್‌ಗೆ ಮಾಮೂಲು ಆರು, ಇನ್ನೊಂದಕ್ಕೆ ಜೋಡಿಯ ಆರು ಹಾಕಿದರೆ ಮುಗಿಯಿತಲ್ಲ? ನ್ಯಾಶ್‌ವಿಲ್ ಟ್ಯೂನಿಂಗ್ ಅಂತ ಸ್ಟುಡಿಯೋದವರು ಇದನ್ನು ಬಹಳ ಕಾಲದಿಂದ ಮಾಡುತ್ತಾರೆ. ಹನ್ನೆರಡು ತಂತಿಯ ಒಂದು ಪ್ಯಾಕೆಟ್ ತಂದರೆ ಎರಡು ಗಿಟಾರ್‌ಗೂ ಸರಿಯಾಗಿ ಸಾಕು, ಒಂದೂ ಉಳಿಯುವುದಿಲ್ಲ. ನಾನು ತಂದಾಗ 900 ರೂಪಾಯಿ ಹತ್ತಿರ ಇತ್ತು. ತೆಳು ಗಿಟಾರ್‌ಗೆ (ಜೋಡಿಯ ತಂತಿ ಹಾಕಿದ್ದನ್ನು ಹಾಗೆ ಕರೆಯುತ್ತೇನೆ) ದಪ್ಪದ ಕಡೆಯಿಂದ 27, 18, 12, 9, ಆಮೇಲೆ 14, 10; ಇವು ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಗಿಟಾರ್ 5-6 ಸಾವಿರದ್ದಾದರೂ ಪರವಾಗಿಲ್ಲ. ಎಳೆತ ಕಡಿಮೆಯಾದ್ದರಿಂದ ಕುತ್ತಿಗೆ ಬಗ್ಗುವ ಕಾಟವೂ ಇಲ್ಲ.

ತೊಂದರೆ ಕೊಡುವುದು ಆ 9ರ ಜಿ ತಂತಿ. ಆರರಲ್ಲಿ ಎಲ್ಲಕ್ಕಿಂತ ಎತ್ತರದ ಸ್ವರ ಅದರದ್ದೇ, ತೆಳು ಇ ತಂತಿಗಿಂತಲೂ ಮೇಲೆ. ಮೊದಮೊದಲು ವಾರಕ್ಕೊಂದು ಹರಿಯುತ್ತಿತ್ತು. ಒಮ್ಮೆಯಂತೂ ಹಾಡಿನ ಮಧ್ಯವೇ ಹರಿದು ಹುಡುಗನ ಕೆನ್ನೆಗೆ ಬಡಿಯಿತು. ಎಲೆಕ್ಟ್ರಿಕ್ ಗಿಟಾರ್‌ನ ಬಿಡಿ ತಂತಿ ಸಿಗುತ್ತದೆ, ನಾನು ತಂದಾಗ 40-50 ರೂಪಾಯಿ ಇತ್ತು, ನಾಲ್ಕೈದು ಜೇಬಲ್ಲಿ ಇರಲಿ. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್‌ನ ಗೀರಿಗೆ ಪೆನ್ಸಿಲ್ ಸೀಸ ಉಜ್ಜಿ. ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನಲ್ಲೇ ಇರಲಿ.

ಈಗ ಕಾರ್ಡ್ಸ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛಗಳು. ಮೂಲದಲ್ಲಿ ಬಿ ಮೈನರ್, ಎಫ್ ಶಾರ್ಪ್ ಸೆವೆನ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್ ಸೆವೆನ್. ಇದು ಎಲ್ಲರಿಗೂ ಗೊತ್ತು. ರೆಕಾರ್ಡಿನ ಹನ್ನೆರಡು ತಂತಿಯದ್ದು ಏಳನೇ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಮನೆ) ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು ಹಾಕಿ ಇ ಮೈನರ್ ಆಕಾರದಲ್ಲಿ ನುಡಿಸಿದ್ದು. ಅದನ್ನು ನೋಡಿ ನಾವಿಬ್ಬರೂ ಏಳಕ್ಕೇ ಕ್ಯಾಪೋ ಹಾಕಿ ಶುರು ಮಾಡಿದೆವು. ಕೋಣೆಯೊಳಗೆ ಚೆಂದ. ಸಮುದ್ರದ ಪಕ್ಕ ಗಾಳಿಯಲ್ಲಿ ಬರೀ ಕಿಣಿಕಿಣಿ ಉಳಿಯಿತು, ಕೆಳಗೆ ಏನೂ ಇಲ್ಲ. ರೆಕಾರ್ಡಿನಲ್ಲಿ ಬೇಸ್ ಗಿಟಾರ್ ಇದೆ, ಡ್ರಮ್ಸ್ ಇದೆ, ನಮ್ಮಲ್ಲಿ ಅವಿಲ್ಲ. ಆಮೇಲೆ ಮಾಮೂಲು ಗಿಟಾರ್‌ಗೆ ಎರಡನೇ ಫ್ರೆಟ್ಟಿನಲ್ಲಿ ಕ್ಯಾಪೋ ಹಾಕಿ ಎ ಮೈನರ್ ಆಕಾರ ಹಿಡಿದೆ: ಎ ಮೈನರ್, ಇ ಸೆವೆನ್, ಜಿ, ಡಿ, ಎಫ್, ಸಿ, ಡಿ ಮೈನರ್, ಇ ಸೆವೆನ್. ತೆಳು ಗಿಟಾರ್ ಏಳರಲ್ಲೇ ಉಳಿಯಿತು: ಇ ಮೈನರ್, ಬಿ ಸೆವೆನ್, ಡಿ, ಎ, ಸಿ, ಜಿ, ಎ ಮೈನರ್, ಬಿ ಸೆವೆನ್. ಆಗ ತುಂಬಿತು ನೋಡಿ! ಮೈ ಒಂದು ಕಡೆ, ಮಿಂಚು ಒಂದು ಕಡೆ. ಸ್ಪೀಕರ್‌ನಲ್ಲಿ ತೆಳು ಗಿಟಾರ್‌ನ ವಾಲ್ಯೂಮ್ ಮೂರನೇ ಒಂದು ಭಾಗ ಇಳಿಸಿ ಇಡಬೇಕು. ಕ್ಯಾಪೋ ಹಾಕಿದ ಮೇಲೆ ಮತ್ತೆ ಟ್ಯೂನ್ ಮಾಡಬೇಕು, ಏಳರಲ್ಲಿ ಸ್ವರ ಮೇಲಕ್ಕೆ ಜಾರಿರುತ್ತದೆ.

ನಮ್ಮ ಗಂಟಲಿಗೆ ಬಿ ಮೈನರ್ ಎತ್ತರ. ಎರಡೂ ಕ್ಯಾಪೋಗಳನ್ನು ಎರಡೆರಡು ಫ್ರೆಟ್ ಹಿಂದಕ್ಕೆ ತನ್ನಿ. ಒಂದಕ್ಕೆ ಕ್ಯಾಪೋ ಬೇಡ, ಇನ್ನೊಂದಕ್ಕೆ ಐದು, ಹಾಡು ಎ ಮೈನರ್‌ಗೆ ಬಂತು. ಮೂಲ ಶ್ರುತಿ ಬದಲಾಯಿಸಬಾರದು ಅನ್ನುವವರಿಗೆ ಹೇಳುತ್ತೇನೆ, ಬ್ಯಾಂಡಿನ ಗಿಟಾರ್ ವಾದಕ ಡಾನ್ ಫೆಲ್ಡರ್ ಮೊದಲು ಮಾಡಿದ್ದ ಡೆಮೋ ಇ ಮೈನರ್‌ನಲ್ಲಿತ್ತು, ಹಾಡುವ ಡಾನ್ ಹೆನ್ಲಿಗೆ ಎತ್ತರವಾಯಿತು ಅಂತಲೇ ಬಿ ಮೈನರ್‌ಗೆ ಇಳಿಸಿದರು. ಅವರೇ ಇಳಿಸಿದ್ದಾರೆ, ನಾವು ಇನ್ನೊಂದು ಹೆಜ್ಜೆ ಇಳಿಸಿದರೆ ಏನೂ ಕೆಡುವುದಿಲ್ಲ. ಎ ಮೈನರ್‌ನಿಂದ ಇ ಸೆವೆನ್‌ಗೆ ಹೋಗುವಾಗ ಹೊಸಬರು ಕೈಯನ್ನು ಪೂರ್ತಿ ಎತ್ತುತ್ತಾರೆ. ಬೇಡ. ಉಂಗುರದ ಬೆರಳು ಮಾತ್ರ ಎತ್ತಿ, ತೋರುಬೆರಳು ಮತ್ತು ನಡುಬೆರಳು ಅದೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಕಡೆಗೆ ಒಂದೊಂದು ತಂತಿ ಸರಿಯಲಿ. ಅಷ್ಟೇ. ನನ್ನ ಶಿಷ್ಯ ಈಗ ಕತ್ತಲಲ್ಲೂ ಮಾಡುತ್ತಾನೆ.

ಇಷ್ಟಾದರೂ ಏನೋ ಕಡಿಮೆ ಅನಿಸುತ್ತಿತ್ತು. ಅದು ಸರಿಹೋದದ್ದು ಹಾಡಿನ ಅರ್ಥ ಹಿಡಿದ ಮೇಲೆ.

ಹಾಡಿನಲ್ಲಿ ರಾತ್ರಿ ದಾರಿಹೋಕನೊಬ್ಬ ಒಂದು ಹೋಟೆಲ್ ಹೊಗುತ್ತಾನೆ, ಮತ್ತೆ ಅಲ್ಲಿಂದ ಹೊರಡಲು ಆಗುವುದಿಲ್ಲ. ಬೀಚ್ ಮೇಲೆ ನುಡಿಸಿದರೆ ಒಬ್ಬೊಬ್ಬರೂ ಒಂದೊಂದು ಅರ್ಥ ತರುತ್ತಾರೆ. ಸೈತಾನನನ್ನು ಪೂಜಿಸುವವರ ಮನೆ ಅಂತ ಒಬ್ಬ, ಹುಚ್ಚಾಸ್ಪತ್ರೆ ಅಂತ ಇನ್ನೊಬ್ಬ, ನರಭಕ್ಷಕರ ಹೋಟೆಲ್ ಅಂತ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಅರ್ಧ ಗಂಟೆ ವಾದ ಮಾಡಿದ. ಮೆಕ್ಸಿಕೋದ ತೋದೋಸ್ ಸಾಂತೋಸ್‌ನಲ್ಲಿ ಅದೇ ಹೆಸರಿನ ಹೋಟೆಲ್ ಇದೆ, ಅದೇ ಇದು ಅನ್ನುವವರೂ ಉಂಟು. ಆ ಹೋಟೆಲ್ ಮೇಲೆ ಈಗಲ್ಸ್ ತಂಡದವರೇ 2017ರಲ್ಲಿ ಕೇಸು ಹಾಕಿ ಮರುವರ್ಷ ರಾಜಿಯಾದರು. ಆಲ್ಬಮ್ ಕವರ್‌ನಲ್ಲಿರುವುದಂತೂ ಅಮೆರಿಕದ ಬೆವರ್ಲಿ ಹಿಲ್ಸ್ ಹೋಟೆಲ್. ಮಸ್ಕತ್‌ನಲ್ಲಿ ದುಡಿದು ಬಂದ ಕುಮಟಾದ ಒಬ್ಬರು, ನನ್ನ ವಿದ್ಯಾರ್ಥಿಯ ತಂದೆ, "ಸರ್, ಇದು ಗಲ್ಫ್‌ಗೆ ಹೋದವರ ಹಾಡು" ಅಂದರು. ಅದು ನನಗೆ ಆ ನರಭಕ್ಷಕರ ಕತೆಗಿಂತ ಎಷ್ಟೋ ಹತ್ತಿರ ಅನಿಸಿತು.

ನನ್ನ ಮಟ್ಟಿಗೆ ಇದು ಹಾಡಿನಿಂದ ಬಂದ ಹೆಸರು, ದುಡ್ಡು, ಅದರೊಳಗೆ ಸಿಕ್ಕಿಬೀಳುವುದು, ಇದರ ಹಾಡು. 1976ರ ಡಿಸೆಂಬರ್‌ನಲ್ಲಿ ಆಲ್ಬಮ್ ಬಂತು, ಅಷ್ಟರಲ್ಲಿ ಅವರು ಅಮೆರಿಕದ ದೊಡ್ಡ ಬ್ಯಾಂಡ್ ಆಗಿದ್ದರು. ಅದೇ ಆಲ್ಬಮ್‌ನ ಎರಡನೇ ಹಾಡು ಊರಿಗೆ ಬಂದ ಹೊಸ ಹುಡುಗನದ್ದು, ಇಂದು ಅವನನ್ನು ಹೊತ್ತು ಮೆರೆಸುವ ಜನ ನಾಳೆ ಮರೆಯುತ್ತಾರೆ ಅನ್ನುವುದು. ಮೂರನೆಯದು ವೇಗದ ಬದುಕಿನದ್ದು. ನಮ್ಮ ಈ ಹಾಡು ಅತಿಯಾದ ಭೋಗದ ಬಗ್ಗೆ ಬರೆದದ್ದು ಅಂತ ಹೆನ್ಲಿ ತಾನೇ ಹೇಳಿದ್ದಾನೆ. ಈ ಮಾತನ್ನು ಶಿರಸಿ ಕಡೆಯ ಯಕ್ಷಗಾನ ಭಾಗವತರೊಬ್ಬರ ಹತ್ತಿರ ಆಡಿದಾಗ ಅವರು ಕೂಡಲೇ ಹಿಡಿದು, ವೇಷ ಕಟ್ಟುವ ಚೌಕಿಯ ಮಾತು ಎತ್ತಿದರು: "ಚೌಕಿ ಹೊಕ್ಕಲು ಎರಡು ವರ್ಷ ಸಾಕು ಮಾರಾಯಾ, ಹೆಸರು ಮಾಡಿದ ವೇಷಧಾರಿಗೆ ಚೌಕಿ ಬಿಡ್ಲಿಕ್ಕೆ ಆಗ್ತದಾ?"

ಕಾರ್ಡ್ಸ್ ಕೂಡ ಅದನ್ನೇ ಹೇಳುತ್ತವೆ. ಚರಣ ಮುಗಿಯುವುದು ಎಫ್ ಶಾರ್ಪ್ ಸೆವೆನ್ ಮೇಲೆ, ಪಲ್ಲವಿ ಮುಗಿಯುವುದೂ ಅದರ ಮೇಲೇ. ಆ ಸೆವೆನ್ ನಿಮ್ಮನ್ನು ಎಳೆದು ಮತ್ತೆ ಬಿ ಮೈನರ್‌ಗೆ ತಂದು ಬಿಡುತ್ತದೆ. ಹೊರಗೆ ಹೋಗುವ ಬಾಗಿಲೇ ಇಲ್ಲ. ಕೊನೆಯಲ್ಲಿ ಬರುವ ಗಿಟಾರ್ ಸೊಲೊ ಕೂಡ ಅದೇ ಎಂಟು ಕಾರ್ಡ್ಸ್ ಮೇಲೆ ಸುತ್ತುತ್ತಾ ಸುತ್ತುತ್ತಾ ಮರೆಯಾಗುತ್ತದೆ. ಪಲ್ಲವಿ ಮಾತ್ರ ಜಿ ಮೇಜರ್‌ನಲ್ಲಿ ತೆರೆದುಕೊಂಡು ಪಾರ್ಟಿಯ ಹಾಗೆ ಕರೆಯುತ್ತದೆ.

ಇದು ಹೊಳೆದ ಮೇಲೆ ನಮ್ಮ ಬಲಗೈ ಬದಲಾಯಿತು. ಭೂತದ ಕತೆ ಅಂತ ನುಡಿಸುವವರು ಎಳೆದು ಎಳೆದು ನಿಧಾನ ಮಾಡುತ್ತಾರೆ. ನಾವು ನಿಮಿಷಕ್ಕೆ 75 ಏಟಿನ ಆಸುಪಾಸಿನ ವೇಗ ಬಿಡುವುದಿಲ್ಲ. ಫೆಲ್ಡರ್‌ನ ಆ ಡೆಮೋಗೆ ಅವರು ಇಟ್ಟುಕೊಂಡ ಹೆಸರೇ ಮೆಕ್ಸಿಕನ್ ರೆಗೆ (ರೆಗೆ ಅಂದರೆ ಜಮೈಕಾದ ಸಂಗೀತ ಶೈಲಿ), ಹಾಗಾಗಿ ತಾಳದ ನಡುವಿನ ಏಟು ಚುಕ್ ಚುಕ್ ಅಂತ ಕತ್ತರಿಸಿ ಬೀಳಬೇಕು, ಅಂಗೈ ತಂತಿಗೆ ತಾಗಿ ಸದ್ದು ಅಲ್ಲೇ ನಿಲ್ಲಬೇಕು. ಮೊದಲ ಚರಣ ಹಗುರ. ಪಲ್ಲವಿಯಲ್ಲಿ ಅಂಗೈ ಎತ್ತಿ ಪೂರ್ತಿ ಬಿಡುತ್ತೇವೆ. ಕೊನೆಯ ಚರಣದಲ್ಲಿ ತೆಳು ಗಿಟಾರ್ ಒಂದೇ ಉಳಿಯುತ್ತದೆ, ಆ ಸೆವೆನ್ ಬರುವಾಗ ನಾನು ಒಂದು ಏಟು ತಡೆದು ಒಳಗೆ ಬರುತ್ತೇನೆ. ಎಲ್ಲಿ, ಎಷ್ಟು ತಡೆಯುವುದು ಅನ್ನುವುದನ್ನು ಬರೆದು ತೋರಿಸಲು ಆಗುವುದಿಲ್ಲ, ಎದುರು ಕೂತರೆ ತೋರಿಸುತ್ತೇನೆ.

ಒಂದು ಅಡ್ಡ ಪ್ರಯೋಗವನ್ನೂ ಹೇಳಬೇಕು. 1994ರಲ್ಲಿ ಅವರು ಮತ್ತೆ ಒಂದಾಗಿ ಅಕೌಸ್ಟಿಕ್ ಆಗಿ ನುಡಿಸಿದರಲ್ಲ, ಅದರಲ್ಲಿ ಗಿಟಾರ್ ಜೊತೆ ಕೈವಾದ್ಯ ಬರುತ್ತದೆ. ನಮ್ಮಲ್ಲಿ ಆ ಕಾಂಗಾ ಡ್ರಮ್ ಎಲ್ಲಿಂದ ತರುವುದು? ಅಂಕೋಲಾ ಕಡೆಯ ಹಾಲಕ್ಕಿ ಗೆಳೆಯನೊಬ್ಬ ಗುಮಟೆ ತಂದ. ಮಣ್ಣಿನ ಮಡಕೆಯ ಬಾಯಿಯನ್ನು ಎಡಗೈಯಲ್ಲಿ ಮುಚ್ಚಿ ತೆಗೆದು ಮಾಡಿದರೆ ಸ್ವರ ಬಗ್ಗುತ್ತದೆ, ಗುಂ ಅಂತ ಬೇಸ್ ಕೂಡ ಬರುತ್ತದೆ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಸದ್ದೇ ಹೊರಡಲಿಲ್ಲ, ಬೆಂಕಿಗೆ ಹಿಡಿದು ಕಾಯಿಸಬೇಕಾಯಿತು. ಚಳಿಗಾಲದಲ್ಲಿ ಅದ್ಭುತ. ಗುಮಟೆ ಪಾಂಗ್ ನುಡಿಸುವವರ ಕೈಗೆ ಈ ತಾಳ ಒಂದೇ ಸಂಜೆಯಲ್ಲಿ ಕೂತಿತು, ಮೈಕ್ ಸರಿಯಾಗಿ ಇಡುವುದಕ್ಕೆ ನನಗೆ ಬಹಳ ದಿನ ಹಿಡಿಯಿತು.

ಲೆಕ್ಕ ಹೇಳುವುದಾದರೆ ಎರಡು ಗಿಟಾರ್, ಎರಡು ಕ್ಯಾಪೋ, ತಂತಿ ಎಲ್ಲಾ ಸೇರಿ 13 ಸಾವಿರದೊಳಗೆ ಆಯಿತು. ಮೊದಲು ಒಬ್ಬನೇ ಹೋದಾಗ ಒಂದು ಸಂಜೆಗೆ 1,500 ಕೊಡುತ್ತಿದ್ದರು, ಈಗ ಇಬ್ಬರಿಗೆ 4 ಸಾವಿರ, ಡಿಸೆಂಬರ್ ಕೊನೆಯ ವಾರ ಇನ್ನೂ ಜಾಸ್ತಿ. ಫೆಲ್ಡರ್ ಮತ್ತು ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್ ಜೋಡಿಯಾಗಿ ನುಡಿಸುವ ಕೊನೆಯ ಸೊಲೊವನ್ನು ತೆಳು ಗಿಟಾರ್‌ನಲ್ಲೇ ತರುವ ಕೆಲಸ ನಡೆದಿದೆ. ಇಳಿಯುವ ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವ) ಭಾಗ ಸರಿಯಾಗಿ ಬರುತ್ತಿದೆ, ತಂತಿ ಎಳೆಯುವ ಜಾಗದಲ್ಲಿ 9ರ ಜಿ ಇನ್ನೂ ಹರಿಯುತ್ತದೆ. 8ರದ್ದು ಹಾಕಿ ನೋಡಿದವರು ಯಾರಾದರೂ ಇದ್ದರೆ ತಿಳಿಸಿ.