ಹುಡುಕಾಟಕ್ಕೆಂದೇ ಒಂದು ಬೇರೆ ಅಂಕಣ

ಹಳೆಯ ಪುಸ್ತಕಗಳ ಸೂಚಿಯೊಂದಕ್ಕೆ ಹುಡುಕಾಟದ ಸೌಲಭ್ಯ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಾಸೆಲ್ ಮಿಶನ್ ಕಾಲದ ಪುಸ್ತಕಗಳಾದ್ದರಿಂದ ಕನ್ನಡ, ಇಂಗ್ಲಿಷ್, ಜರ್ಮನ್ ಮೂರೂ ಒಂದೇ ಕೋಷ್ಟಕದಲ್ಲಿ ಬೆರೆತಿದ್ದವು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರತಂದ ಮೊಗ್ಲಿಂಗ್ ಹೆಸರು ರೋಮನ್ ಲಿಪಿಯಲ್ಲಿ ಒಂದು ಕಡೆ ಪೂರ್ತಿ ದೊಡ್ಡಕ್ಷರ, ಇನ್ನೊಂದು ಕಡೆ ಮೊದಲಕ್ಷರವಷ್ಟೇ ದೊಡ್ಡದು. ಹೇಗೆ ಟೈಪಿಸಿದರೂ ಎರಡೂ ಸಿಗಬೇಕು.

ಮಾಹಿತಿ ಇದ್ದದ್ದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿ. ದೊಡ್ಡಕ್ಷರ, ಚಿಕ್ಕಕ್ಷರ ಭೇದವಿಲ್ಲದೆ ಹೋಲಿಸುವ ಅದರ ನೋಕೇಸ್ ಇಂಗ್ಲಿಷಿನ 26 ಅಕ್ಷರಗಳ ಆಚೆ ನೋಡುವುದಿಲ್ಲ. ಮೊಗ್ಲಿಂಗ್ ಹೆಸರಿನಲ್ಲೋ ತಲೆಯ ಮೇಲೆ ಎರಡು ಚುಕ್ಕಿ ಹೊತ್ತ ‘ಓ’ ಕೂತಿದೆ. ಹಾಗಾಗಿ ಹೋಲಿಕೆಯ ಕೆಲಸವನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ವಹಿಸಿದೆ.

ಅಲ್ಲಿ ಎಲ್ಲರ ಕೈ ಮೊದಲು ಹೋಗುವುದು ಪಠ್ಯವನ್ನು ಚಿಕ್ಕಕ್ಷರ ಮಾಡುವ ಲೋವರ್ ಕಡೆಗೆ. ಅದನ್ನು ಬಿಟ್ಟು, ಹೋಲಿಕೆಗೆಂದೇ 3.3ನೇ ಆವೃತ್ತಿಯಲ್ಲಿ ಬಂದ ಕೇಸ್‌ಫೋಲ್ಡ್ ಹಿಡಿದೆ. ಕಾರಣ ಜರ್ಮನ್ನಿನ ಎಸ್ಸೆಟ್ (ß) ಎಂಬ ಅಕ್ಷರ. ದೊಡ್ಡಕ್ಷರದಲ್ಲಿ ಅಚ್ಚು ಹಾಕುವಾಗ ಈ ಒಂದು ಅಕ್ಷರ ಸಾಮಾನ್ಯವಾಗಿ ಎರಡು ಎಸ್ ಆಗುತ್ತದೆ. ಸೂಚಿ ಬರೆದವರು ಶೀರ್ಷಿಕೆ ಪುಟ ನೋಡಿ ‘ಗ್ರೋಸೆ’ (große) ಪದಕ್ಕೆ ಎರಡು ಎಸ್ ಹಾಕಿರುತ್ತಾರೆ, ಹುಡುಕುವವರು ಎಸ್ಸೆಟ್ ಒತ್ತುತ್ತಾರೆ. ಎಸ್ಸೆಟ್ ಮೊದಲೇ ಚಿಕ್ಕಕ್ಷರವಾದ್ದರಿಂದ ಲೋವರ್ ಅದನ್ನು ಮುಟ್ಟುವುದೇ ಇಲ್ಲ. ಕೇಸ್‌ಫೋಲ್ಡ್ ಅದನ್ನು ಎರಡು ಎಸ್ ಆಗಿ ಬಿಡಿಸುತ್ತದೆ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ಇಗ್ನೋರ್‌ಕೇಸ್ ಆಯ್ಕೆ ಕೂಡ ಇಲ್ಲಿ ಉಪಯೋಗಕ್ಕೆ ಬಾರದು. ಅದರದು ಅಕ್ಷರಕ್ಕೆ ಅಕ್ಷರ ಲೆಕ್ಕ.

ಕನ್ನಡಕ್ಕೆ ದೊಡ್ಡಕ್ಷರದ ತಾಪತ್ರಯವಿಲ್ಲ ಎಂದು ನಿಶ್ಚಿಂತರಾಗುವಂತಿಲ್ಲ. ‘ಕೋ’ದಲ್ಲಿನ ಸ್ವರಚಿಹ್ನೆ ಒಂದೇ ಸಂಕೇತವಾಗಿರಬಹುದು, ಮೂರು ತುಂಡಾಗಿಯೂ ಇರಬಹುದು, ತೆರೆಯ ಮೇಲೆ ಎರಡೂ ಒಂದೇ. ಚುಕ್ಕಿ ಹೊತ್ತ ‘ಓ’ದ ಕಥೆಯೂ ಇದೇ. ಇದಕ್ಕೆ ಪೈಥಾನ್‌ನ ಯೂನಿಕೋಡ್‌ಡೇಟಾದಲ್ಲಿರುವ, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ಸಾಕು. ಆದರೆ ಒಬ್ಬರು ‘ಬಾಸೆಲ್‌ನ’ ಎಂದು, ಇನ್ನೊಬ್ಬರು ‘ಬಾಸೆಲ್ನ’ ಎಂದು ಬರೆದಾಗ ನಡುವೆ ಇದ್ದೂ ಕಾಣದ, ಒತ್ತಕ್ಷರವಾಗದಂತೆ ತಡೆಯುವ ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಸಂಕೇತವನ್ನು ಎನ್‌ಎಫ್‌ಸಿಯೂ ತೆಗೆಯುವುದಿಲ್ಲ, ಕೇಸ್‌ಫೋಲ್ಡೂ ತೆಗೆಯುವುದಿಲ್ಲ. ಅದನ್ನೂ ಅದರ ಸೋದರ ಜಾಯ್ನರನ್ನೂ ನಾನೇ ಕಿತ್ತುಹಾಕಿದೆ.

ಹೀಗೆ ಸೋಸಿ ಬಂದದ್ದನ್ನು ಕೋಷ್ಟಕದ ಬೇರೆ ಅಂಕಣದಲ್ಲಿಟ್ಟು, ಬೇಗ ಸಿಗಲೆಂದು ಅದಕ್ಕೆ ಇಂಡೆಕ್ಸ್ ಕಟ್ಟಿದೆ. ಹುಡುಕುವವರು ಟೈಪಿಸಿದ್ದೂ ಅದೇ ಜರಡಿಯಲ್ಲಿ ಹಾದುಬರುತ್ತದೆ. ಮೂಲ ಶೀರ್ಷಿಕೆ ಇದ್ದಂತೆಯೇ ಇದೆ.

ಸಿಕ್ಕ ಭಾಗಕ್ಕೆ ಹಳದಿ ಬಣ್ಣ ಹಚ್ಚುವುದೇ ಹೆಚ್ಚು ಸಮಯ ತಿಂದದ್ದು. ಸೋಸಿದ ಪಠ್ಯದ ಉದ್ದವೇ ಬದಲಾಗುವುದರಿಂದ ಅಲ್ಲಿನ ಸ್ಥಾನ ಮೂಲಕ್ಕೆ ಹೊಂದುವುದಿಲ್ಲ. ಮೂಲವನ್ನು ಅಕ್ಷರಗುಚ್ಛಗಳಾಗಿ ಒಡೆದು, ಯಾವ ತುಂಡು ಎಲ್ಲಿಂದ ಬಂತೆಂಬ ಪಟ್ಟಿಯನ್ನು ಜೊತೆಗೇ ಇಟ್ಟುಕೊಂಡೆ. ಹುಡುಕಿದ ಪದ ಎಸ್ಸೆಟ್‌ನ ಅರ್ಧಕ್ಕೆ ಬಂದು ನಿಂತರೆ ಇಡೀ ಅಕ್ಷರಕ್ಕೇ ಬಣ್ಣ ಬೀಳುತ್ತದೆ.