ಅಜ್ಜಿಯಿಂದ ಮೊಮ್ಮಗನ ತನಕ ಎಲ್ರೂ ಸೇರಿ ದಾವಣಗೆರೆಯಿಂದ ಜೋಗಕ್ಕೆ ಹೋಗಿ ಟೆಂಟ್ ಹಾಕೋದು ಹೇಗೆ

ಹೋದ ಸೆಪ್ಟೆಂಬರಲ್ಲಿ ನಮ್ಮನೆಯಿಂದ 11 ಜನ ಜೋಗಕ್ಕೆ ಹೋಗಿ ಎರಡು ರಾತ್ರಿ ಇದ್ದು ಬಂದ್ವಿ. ಎಲ್ರಿಗಿಂತ ದೊಡ್ಡೋರು ಅಜ್ಜಿ, 79 ವರ್ಷ, ಎಲ್ರಿಗಿಂತ ಚಿಕ್ಕೋನು ಅಕ್ಕನ ಮಗ, 4 ವರ್ಷ. ಅಜ್ಜಿ ಮದುವೆಗೆ ಮುಂಚೆ ಒಂದ್ಸಲ ಅವ್ರಪ್ಪನ ಜೊತೆ ಜೋಗ ನೋಡಿದ್ರಂತೆ, ಆಗಿನ್ನೂ ಜೋಗದ ಮೇಲ್ಗಡೆ ಶರಾವತಿಗೆ ಕಟ್ಟಿರೋ ಲಿಂಗನಮಕ್ಕಿ ಡ್ಯಾಮ್ ಮುಗಿದಿರ್ಲಿಲ್ಲ, ಅದು ಆಗಿದ್ದು 1964ಕ್ಕೆ. "ಇನ್ನೊಂದ್ಸಲ ನೋಡ್ಬೇಕು ಅಂತ ಆಸೆ ಐತಿ ನೋಡಪಾ" ಅಂತ ಅವ್ರು ಹೇಳಿದ್ದಕ್ಕೇ ಹೊರಟಿದ್ದು. ಇಂಥ ಟ್ರಿಪ್ ಪ್ಲಾನ್ ಮಾಡೋವಾಗ ಫಾಲ್ಸಿಂದ ಶುರು ಮಾಡ್ಬೇಡಿ, ಮನೇಲಿ ಎಲ್ರಿಗಿಂತ ದೊಡ್ಡೋರ ಮಂಡಿ, ನಿದ್ದೆ, ಬಾತ್ರೂಮು ಈ ಮೂರರಿಂದ ಶುರು ಮಾಡ್ರಿ, ಮಿಕ್ಕಿದ್ದೆಲ್ಲ ಅದಕ್ಕೆ ತಕ್ಕಂಗೆ ಹೊಂದ್ಕೊಳ್ಳುತ್ತೆ.

ಮೊದ್ಲು ಯಾವಾಗ ಹೋಗೋದು ಅಂತ ನೋಡಣ. ಲಿಂಗನಮಕ್ಕಿ ಫುಲ್ ಆಗೋದು 1819 ಅಡಿಗೆ. ಮಳೆಗಾಲದಲ್ಲಿ ಪೇಪರಲ್ಲಿ ದಿನಾ ಡ್ಯಾಮ್ ಮಟ್ಟ ಹಾಕ್ತಾರಲ್ಲ, ಅದನ್ನ ಜುಲೈ ಕೊನೆಯಿಂದ್ಲೇ ಗಮನಿಸ್ತಾ ಇರ್ರಿ. ಶರಾವತಿ ನೀರನ್ನ ಕರೆಂಟಿಗೆ ಅಂತ ಹಿಡಿದಿಡ್ತಾರೆ, ಹಂಗಾಗಿ ಬೇಸಿಗೇಲಿ ಹೋದ್ರೆ ಬಂಡೆ ಮೇಲೆ ಬಿಳಿ ದಾರ ಎಳೆದಂಗೆ ಅಷ್ಟೇ ಕಾಣುತ್ತೆ, ಗೇಟ್ ತೆಗೆದ್ರೆ ಮಾತ್ರ 253 ಮೀಟರ್ ಮೇಲಿಂದ ಬೀಳೋದರ ನಿಜವಾದ ಅಬ್ಬರ ಗೊತ್ತಾಗೋದು. ಜುಲೈಲಿ ಮಳೆ ಜಾಸ್ತಿ, ಟೆಂಟ್ ನಿಲ್ಲಲ್ಲ. ಡಿಸೆಂಬರಿಂದ ಮೇ ತನಕ ಆ ಭಾಗದ ಕಾಡಲ್ಲಿ ಮಂಗನ ಕಾಯಿಲೆ ಭಯ ಇರುತ್ತೆ, ಅದು ಮೊದ್ಲು ಪತ್ತೆ ಆಗಿದ್ದೇ 1957ರಲ್ಲಿ ಅಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, ಉಣ್ಣೆ ಹುಳ ಕಚ್ಚಿ ಬರೋದು, ತರಗೆಲೆ ಮೇಲೆ ಕೂತು ಆಡೋ ಮಕ್ಕಳನ್ನ ಕರ್ಕೊಂಡು ಆ ಟೈಮಲ್ಲಿ ಹೋಗೋದು ನನಗಂತೂ ಸರಿ ಅನ್ಸಲ್ಲ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಒಳ್ಳೇದು.

ಜಾಗದ ವಿಷಯ. ಕಾಡಲ್ಲಿ, ಹೊಳೆ ದಂಡೇಲಿ ಟೆಂಟ್ ಬೇಡವೇ ಬೇಡ, ಅರಣ್ಯ ಇಲಾಖೆ ಪರ್ಮಿಶನ್ ಇಲ್ದೆ ಹಾಕೋಹಂಗೂ ಇಲ್ಲ, ಡ್ಯಾಮ್ ನೀರು ಬಿಟ್ರೆ ಹೊಳೆ ಯಾವಾಗ ಏರುತ್ತೆ ಅಂತ ನಮಗೆ ಗೊತ್ತಾಗೋದೂ ಇಲ್ಲ. ತಾಳಗುಪ್ಪ, ಜೋಗ, ಸಿದ್ದಾಪುರ ಕಡೆ ತೋಟದ ಮನೆಗಳನ್ನ ಹೋಮ್‌ಸ್ಟೇ ಮಾಡಿದಾರೆ, ಅಂಥ ಕಡೆ ಅಜ್ಜಿಗೆ ಮಂಚ ಇರೋ ಒಂದು ರೂಮು ತಗೊಂಡು ಅಂಗಳದಲ್ಲಿ ಟೆಂಟ್ ಹಾಕ್ಲಾ ಅಂತ ಫೋನಲ್ಲೇ ಕೇಳ್ರಿ. ಅಡಿಕೆ ಒಣಗಿಸೋ ಅಂಗಳ ಇದ್ರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ, ಸಮತಟ್ಟಾಗಿರುತ್ತೆ, ನೀರು ನಿಲ್ಲಲ್ಲ, ಕೊಯ್ಲು ಜೋರಾದ್ಮೇಲೆ ಅಂಗಳದ ತುಂಬ ಅಡಿಕೆ ಹರಡಿರ್ತಾರೆ, ಸೆಪ್ಟೆಂಬರಲ್ಲಿ ಖಾಲಿ ಇರುತ್ತೆ. ನಮ್ಮ ಚನ್ನಗಿರಿ ಕಡೆಯೋರಿಗೆ ಇದು ಹೇಳ್ಬೇಕಾಗಿಲ್ಲ. ಆದ್ರೆ ಮರದ ಕೆಳಗೆ ಮಾತ್ರ ಹಾಕ್ಬೇಡಿ, ಅಡಿಕೆ ಸೋಗೆ ಬಿದ್ರೂ ಪೆಟ್ಟೇ, ತೆಂಗಿನಕಾಯಿ ಬಿದ್ರಂತೂ ಕೇಳೋದೇ ಬೇಡ. ಬುಕ್ ಮಾಡೋ ಮುಂಚೆ ಎರಡು ಪ್ರಶ್ನೆ ತಪ್ಪದೇ ಕೇಳ್ರಿ, ವೆಸ್ಟರ್ನ್ ಕಮೋಡ್ ಇದೆಯಾ, ರೂಮಿಂದ ಬಾತ್ರೂಮಿಗೆ ಹೋಗೋಕೆ ಎಷ್ಟು ಮೆಟ್ಟಿಲು. ಇಲ್ಲ ಅಂದ್ರೆ ಮಡಚೋ ಕಮೋಡ್ ಚೇರ್ ಗಾಡೀಲಿ ಹಾಕ್ಕೊಳ್ರಿ, ನಾವು ಹಾಕ್ಕೊಂಡಿದ್ವಿ, ಮಾವನಿಗೂ ಅದೇ ಉಪಯೋಗಕ್ಕೆ ಬಂತು.

ದಾರಿ ಹೊನ್ನಾಳಿ, ಶಿವಮೊಗ್ಗ, ಆನಂದಪುರ, ಸಾಗರ, ತಾಳಗುಪ್ಪ, ಸುಮಾರು 190 ಕಿಲೋಮೀಟರ್. ಹುಡುಗ್ರು ಹೋದ್ರೆ ನಾಲ್ಕೂವರೆ ಗಂಟೆ, ಮನೆಮಂದಿಯೆಲ್ಲ ಹೋದ್ರೆ ಏಳು ಅಂತ ಇಟ್ಕೊಳ್ರಿ. ಟಿಟಿ, ಅಂದ್ರೆ ಟೆಂಪೋ ಟ್ರಾವೆಲರ್ ಮಾಡಿದ್ರೆ ವಯಸ್ಸಾದೋರಿಗೆ ಕೊನೇ ಸೀಟ್ ಕೊಡ್ಬೇಡಿ, ಹಂಪ್ ಹಾರಿದಾಗ ಸೊಂಟ ಹಿಡ್ಕೊಳ್ಳುತ್ತೆ. ಒಂದೂವರೆ ಗಂಟೆಗೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ಓಡಾಡಿಸ್ರಿ, ನಾವು ಮೊದ್ಲು ಹೊನ್ನಾಳೀಲಿ ತುಂಗಭದ್ರೆ ಹತ್ರ ನಿಲ್ಸಿದ್ವಿ, ಆಮೇಲೆ ಶಿವಮೊಗ್ಗ ದಾಟಿ ತ್ಯಾವರೆಕೊಪ್ಪದ ಸಿಂಹಧಾಮ, ಮಕ್ಕಳು ಹುಲಿ ಸಿಂಹ ನೋಡಿ ಕುಣಿದ್ವು, ಅಜ್ಜಿ ಸಫಾರಿ ಬಸ್ಸಲ್ಲಿ ಕೂತೇ ನೋಡಿದ್ರು. ಬಿಪಿ ಶುಗರ್ ಮಾತ್ರೆ ಲಗೇಜಲ್ಲಿ ಬೇಡ, ಕೈಚೀಲದಲ್ಲೇ ಇರ್ಲಿ.

ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ, ಮೊದಲ್ನೇ ದಿನಕ್ಕೆ ಚಿತ್ರಾನ್ನ. ಮಂಡಕ್ಕಿ ಇಲ್ದೆ ನಮ್ಮೂರೋರು ಎಲ್ಲಿಗೆ ಹೋಗ್ತಾರೆ, ಆದ್ರೆ ಅಲ್ಲಿ ಗಾಳೀಲೇ ನೀರಿರುತ್ತೆ, ಚೀಲ ಬಿಚ್ಚಿದ ಅರ್ಧ ಗಂಟೇಲಿ ಮೆತ್ತಗಾಗುತ್ತೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬ್ಕೊಂಡು ಹೋಗಿ ತಿನ್ನೋವಷ್ಟೇ ತೆಗೀರಿ. ಸಣ್ಣ ಗ್ಯಾಸ್ ಒಲೇಲಿ ಸಂಜೆ ಮಿರ್ಚಿ ಕರಿದ್ರೆ ಮಳೆಗೆ ಅದರಷ್ಟು ರುಚಿ ಯಾವ್ದೂ ಇಲ್ಲ. ಒಲೆ ಟೆಂಟಿನ ಒಳಗೆ ಮಾತ್ರ ಹಚ್ಚಲೇಬಾರ್ದು, ಬೆಂಕೀನೂ ಹೊಗೇನೂ ಎರಡೂ ಜೀವಕ್ಕೆ ಅಪಾಯ.

ಟೆಂಟ್ ಹಾಕೋವಾಗ ನಾವು ಒಂದು ತಪ್ಪು ಮಾಡಿದ್ವಿ, ಕೆಳಗೆ ಹಾಸಿದ ಟಾರ್ಪಲ್ ಟೆಂಟಿಗಿಂತ ಒಂದು ಮೊಳ ಹೊರಗೆ ಬಂದಿತ್ತು, ರಾತ್ರಿ ಎರಡು ಗಂಟೆಗೆ ಮಳೆ ಬಂದಾಗ ಆ ಅಂಚಿನ ಮೇಲೆ ಬಿದ್ದ ನೀರೆಲ್ಲ ಸೀದಾ ಟೆಂಟ್ ಕೆಳಗೆ ಬಂದು ಹಾಸಿಗೆ ಒದ್ದೆ. ಟಾರ್ಪಲ್ ಅಂಚನ್ನ ಒಳಗಡೆಗೆ ಮಡಚಿ, ಹೊರಗೆ ಒಂದು ಇಂಚೂ ಕಾಣ್ಬಾರ್ದು. ಆ ರಾತ್ರಿ ಎಲ್ಲ ಅಜ್ಜಿ ರೂಮಿಗೇ ಹೋಗಿ ಒಂದೇ ಜಮಖಾನದ ಮೇಲೆ ಮಲಗಿದ್ವಿ, ಅದಕ್ಕೇ ಹೇಳೋದು ರೂಮು ಒಂದು ಇರ್ಲಿ ಅಂತ. ಇಂಬಳಕ್ಕೆ, ಅಂದ್ರೆ ಜಿಗಣೆಗೆ, ಉಪ್ಪು ಇಟ್ಕೊಳ್ರಿ, ಮಕ್ಕಳಿಗೆ ಉದ್ದ ಪ್ಯಾಂಟು ಹಾಕಿ ಸಾಕ್ಸ್ ಒಳಗೆ ಸೇರ್ಸಿ, ಸಂಜೆ ಬೆರಳ ಸಂದಿ, ಕಿವಿ ಹಿಂದೆ ಎಲ್ಲ ನೋಡ್ರಿ.

ಈಗ ಫಾಲ್ಸ್. ಬೆಳಗ್ಗೆ ಬೇಗ ಹೋಗಿ ವ್ಯೂಪಾಯಿಂಟಲ್ಲಿ ಅಜ್ಜಿಗೆ ಕುರ್ಚಿ ಹಾಕಿ ಕೂರಿಸ್ಬಿಡಿ, ಮಡಚೋ ಕುರ್ಚಿ ಮನೆಯಿಂದ್ಲೇ ತಗೊಂಡು ಹೋಗಿ. ಮಂಜು ಕವಿದು ಏನೂ ಕಾಣ್ದೆ ಹೋದ್ರೆ ಬೇಜಾರಾಗಿ ವಾಪಸ್ ಹೊರಡ್ಬೇಡಿ. ನಾವು ಒಂದೂಕಾಲು ಗಂಟೆ ಬರೀ ಸದ್ದು ಕೇಳ್ಕೊಂಡು ಕೂತಿದ್ವಿ, ಆಮೇಲೆ ಪರದೆ ಸರಿಸ್ದಂಗೆ ಮಂಜು ಸರೀತು, ಅಜ್ಜಿ ಬೆರಳು ತೋರ್ಸಿ ಮೊಮ್ಮಗನಿಗೆ ಹೇಳ್ಕೊಟ್ರು, ಎಡಗಡೆ ನೆಟ್ಟಗೆ ಬೀಳೋದು ರಾಜ, ಪಕ್ಕದಲ್ಲಿ ಆರ್ಭಟ ಮಾಡೋದು ರೋರರ್, ಚಿಮ್ಮಿ ಚಿಮ್ಮಿ ಬರೋದು ರಾಕೆಟ್, ಬಲಗಡೆ ಬಳುಕ್ತಾ ಇಳಿಯೋದು ರಾಣಿ. "ನಮ್ಮಪ್ಪ ನನಗೂ ಹಿಂಗೇ ಹೇಳಿದ್ರು" ಅಂದ್ರು, ಆಮೇಲೆ ಸುಮಾರು ಹೊತ್ತು ಮಾತೇ ಆಡ್ಲಿಲ್ಲ. ಹತ್ತು ನಿಮಿಷಕ್ಕೆ ಮತ್ತೆ ಮಂಜು ಮುಚ್ತು.

ಕೆಳಗೆ ಇಳಿಯೋಕೆ ಸುಮಾರು 1400 ಮೆಟ್ಟಿಲು, ಜೋರು ಮಳೆ ಇದ್ರೆ ಮುಚ್ಚಿರ್ತಾರೆ. ತೆರೆದಿದ್ರೂ ಗಟ್ಟಿಯಾಗಿರೋರು ಮಾತ್ರ ಹೋಗ್ರಿ, ಇಳಿಯೋವಾಗ ಗೊತ್ತಾಗಲ್ಲ, ಹತ್ತೋವಾಗ ತೊಡೆ ನಡುಗುತ್ತೆ, ಎತ್ಕೊಂಡು ಹೋಗೋ ವಯಸ್ಸಿನ ಮಕ್ಕಳನ್ನ ಮೇಲೇ ಬಿಡ್ರಿ. ಪಾಚಿ ಕಟ್ಟಿದ ಬಂಡೆ ಮೇಲೆ ಫೋಟೋಗೆ ನಿಲ್ಲೋದು, ಕಂಬಿ ದಾಟೋದು ಯಾರೂ ಮಾಡ್ಬಾರ್ದು, ಮನೆ ಹಿರಿಯರೇ ಇದನ್ನ ಮೊದ್ಲೇ ಹೇಳಿದ್ರೆ ಹುಡುಗ್ರು ಕೇಳ್ತಾರೆ. ನೆಟ್‌ವರ್ಕ್ ಅಷ್ಟಕ್ಕಷ್ಟೇ, ಇಂಥ ಟೈಮಿಗೆ ಅಜ್ಜಿ ಕುರ್ಚಿ ಹತ್ರ ಎಲ್ರೂ ಇರ್ಬೇಕು ಅಂತ ಮಾತಾಡ್ಕೊಂಡೇ ಇಳೀರಿ.

ವಾಪಸ್ ಬರೋವಾಗ ಸುಸ್ತಿಲ್ದೆ ಇದ್ರೆ ಸಾಗರದ ಹತ್ರ ಇಕ್ಕೇರಿ ಅಘೋರೇಶ್ವರ ನೋಡ್ರಿ, ಕಲ್ಲಿನ ನೆಲ ತಣ್ಣಗಿರುತ್ತೆ, ವಯಸ್ಸಾದೋರಿಗೆ ಆರಾಮಾಗಿ ಕೂರ್ಬಹುದು. ಮನೆಗೆ ಬಂದ ರಾತ್ರಿ ಎಷ್ಟೇ ಸಾಕಾಗಿದ್ರೂ ಒದ್ದೆ ಟೆಂಟನ್ನ ಚೀಲದಿಂದ ತೆಗೆದು ಹೊರಗೆ ಹಾಕ್ರಿ, ಇಲ್ಲಾಂದ್ರೆ ಎರಡೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತೆ. ಬೆಳಗ್ಗೆ ಮಾಳಿಗೆ ಮೇಲೆ ಹರವಿದ್ರೆ ದಾವಣಗೆರೆ ಬಿಸ್ಲಿಗೆ ಅರ್ಧ ದಿನ ಸಾಕು.