ಡಬ್ಬದಲ್ಲಿ ಕಾಳು ಹಾಕಿ ಮಹಡಿ ಲೆಕ್ಕ ಹಾಕಿದೆ

ದಾವಣಗೆರೆ ಸುತ್ತಮುತ್ತ 22 ವರ್ಷದಿಂದ ಮನೆ ಕಟ್ಟುತ್ತಿದ್ದೇನೆ. ಹೆಚ್ಚೂ ಕಮ್ಮಿ 60 ಮನೆ ಆಗಿರಬೇಕು. ಒಂದರ ಮೋಲ್ಡೂ ಸೋರಿಲ್ಲ, ಅದನ್ನ ಧೈರ್ಯವಾಗಿ ಹೇಳ್ತೀನಿ. ಆದರೆ ನನ್ನದೇ 30x40 ಅಡಿ ಸೈಟಿನ ಮುಂದೆ ನಿಂತಾಗ, ಎಷ್ಟು ಮಹಡಿ ಅನ್ನೋ ಒಂದು ಪ್ರಶ್ನೆಗೇ ಎಂಟು ತಿಂಗಳು ಹೋಯಿತು.

ಅಣ್ಣ ಹೇಳಿದ್ದು ಒಂದೇ ಮಾತು. "ಕೆಳಗೆ ನೀನಿರು, ಮೇಲೆ ಎರಡು ಪೋರ್ಷನ್ ಬಾಡಿಗೆಗೆ ಬಿಡು. ಊರಿಗೆಲ್ಲ ಮೂರು ಅಂತಸ್ತು ಕಟ್ಟಿಕೊಟ್ಟೋನು ನೀನು, ನಿನಗೆ ಬರೀ ಒಂದಾ?" ಭಾವ ಇನ್ನೂ ಗಟ್ಟಿಯಾದ ಮಾತು ತೆಗೆದರು. ನಮ್ಮದು ಎರೆ ಭೂಮಿ, ಪಾಯಕ್ಕೇ ಅಷ್ಟೊಂದು ಸುರಿದ ಮೇಲೆ ಮೇಲಕ್ಕೆ ಹೋಗದಿದ್ದರೆ ಆ ದುಡ್ಡು ದಂಡ ಅಂತ. ಈ ಮಾತಿಗೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ.

ಆಗ ನಾವು ಬಾಡಿಗೆಗೆ ಇದ್ದದ್ದು ಕೆಳಗೆ ಮೇಲೆ ಎರಡೂ ಇರೋ ಮನೆ. ಮೆಟ್ಟಿಲ ಬುಡದಲ್ಲಿ ಒಂದು ಸ್ಟೀಲ್ ಡಬ್ಬ ಇಟ್ಟೆ. ಪಕ್ಕದಲ್ಲಿ ಐದು ಬಟ್ಟಲು. ಅವ್ವನಿಗೆ ಅವರೆ, ಮನೆಯಾಕೆಗೆ ತೊಗರಿ, ಮಗಳಿಗೆ ಹೆಸರು, ಮಗನಿಗೆ ಕಡಲೆ, ನನಗೆ ಶೇಂಗಾ. ಯಾರೇ ಮೇಲೆ ಹತ್ತಿದರೂ ತಮ್ಮ ಕಾಳು ಒಂದು ಡಬ್ಬಕ್ಕೆ ಹಾಕಬೇಕು. ಅಣ್ಣ ಬಂದು ನೋಡಿ ನಕ್ಕ. ನಮ್ಮ ಸೆಂಟ್ರಿಂಗ್ ಹುಡುಗರೂ ನಕ್ಕರು. ನಲವತ್ತು ದಿನ ಬಿಡದೆ ಮಾಡಿದೆವು. ಭಾನುವಾರ ಬೆಳಿಗ್ಗೆ ಪೇಪರ್ ಹಾಸಿ ಡಬ್ಬ ಸುರಿದು ಎಣಿಸೋದು. ಮಗಳೇ ಬಣ್ಣ ನೋಡಿ ಬೇರೆ ಮಾಡಿ ಗುಡ್ಡೆ ಹಾಕುತ್ತಿದ್ದಳು.

ಅವ್ವನ ಅವರೆಕಾಳು ನಲವತ್ತು ದಿನಕ್ಕೆ ಒಂಬತ್ತು. ಅದೂ ಮೊದಲ ಎರಡು ವಾರದಲ್ಲಿ, ಸಂಡಿಗೆ ಒಣಗಿಸೋಕೆ. ಆಮೇಲೆ ಒಂದೂ ಇಲ್ಲ. ಮಂಡಿ ನೋವು ಅಂತ ಅವರು ಬಾಯಿಬಿಟ್ಟು ಹೇಳಿರಲಿಲ್ಲ, ಡಬ್ಬ ಹೇಳಿತು. ತೊಗರಿ 300ರ ಹತ್ತಿರ, ಬಹುಪಾಲು ಬಟ್ಟೆ ಒಣಗಿಸೋಕೆ. ಕಡಲೆ 400 ದಾಟಿತ್ತು, ಮಗನ ಓದು ಮೇಲೇ. ಮಗಳ ಮಂಚ ಮೇಲಿತ್ತು, ಆದರೆ ರಾತ್ರಿ ಅವಳು ಮಲಗುತ್ತಿದ್ದದ್ದು ಕೆಳಗೆ ಅಜ್ಜಿ ಪಕ್ಕ. ಮೇಲಿನ ಇನ್ನೊಂದು ರೂಮಿಗೆ ಯಾರೂ ಹೋಗುತ್ತಲೇ ಇರಲಿಲ್ಲ. ಅಲ್ಲಿ ಬರೀ ಟ್ರಂಕು, ಹಳೇ ಹಾಸಿಗೆ.

ಅಂದರೆ ನಮಗೆ ಮೇಲೆ ಬೇಕಾಗಿದ್ದು ಒಂದು ರೂಮು, ಬಟ್ಟೆಗೆ ಬಿಸಿಲು. ಅಷ್ಟೇ.

ಇನ್ನು ದುಡ್ಡು. 2021ರಲ್ಲಿ ಲೆಕ್ಕ ಹಾಕಿದಾಗ ಮೇಲಿನ ಎಂಟು ಚದರಕ್ಕೆ (ಒಂದು ಚದರ ಅಂದರೆ ನೂರು ಚದರಡಿ), ಚದರಕ್ಕೆ 1.4 ಲಕ್ಷದಂತೆ, ಒಂದು ಮಹಡಿಗೆ 11 ಲಕ್ಷ ಆಗ್ತಿತ್ತು. ನಮ್ಮ ಬಡಾವಣೆಯಲ್ಲಿ ಅಂಥ ಪೋರ್ಷನ್ನಿಗೆ ಬಾಡಿಗೆ 6,500. ಸಾಲ ತೆಗೆದರೆ 15 ವರ್ಷಕ್ಕೆ ಕಂತು 10,800ರ ಆಸುಪಾಸು. ತಿಂಗಳಿಗೆ ನಾಲ್ಕು ಸಾವಿರ ಕೈಯಿಂದ ಹೋಗುತ್ತೆ, ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ ಹೋಗುತ್ತೆ. ಎರಡು ಮಹಡಿಗೆ ಇದರ ದುಪ್ಪಟ್ಟು. ಇದನ್ನ ಅಣ್ಣನ ಮುಂದೆ ಬರೆದು ತೋರಿಸಿದೆ. "ಬಾಡಿಗೆ ಏರುತ್ತಲ್ಲೋ" ಅಂದ. ಏರುತ್ತೆ, ನಿಜ. ಅಲ್ಲಿವರೆಗೆ ಕಂತು ಕಟ್ಟೋನು ನಾನೇ ಅಲ್ವಾ?

ಭಾವನ ಮಾತಿಗೆ ಉತ್ತರ ಸಿಕ್ಕಿದ್ದು ನನ್ನ ಹಳೇ ತಪ್ಪಿನಲ್ಲಿ. 2009ರಲ್ಲಿ ಹರಿಹರದ ಹತ್ತಿರ ಅಪ್ಪ ಕಟ್ಟಿದ ಮನೆ ಮೇಲೆ ಒಂದು ಮಹಡಿ ಏರಿಸಿದ್ದೆ. ಸೈಜುಗಲ್ಲಿನ ಪಾಯ, ಒಂದೇ ಅಂತಸ್ತಿಗೆ ಹಾಕಿದ್ದು. ಗೋಡೆ ದಪ್ಪ ಇದೆ, ತಡೆಯುತ್ತೆ ಅಂದುಕೊಂಡೆ. ಮಳೆಗೆ ಎರೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ನಿಮಗೆ ಗೊತ್ತೇ ಇದೆ. ಎರಡನೇ ಮಳೆಗಾಲಕ್ಕೆ ಬಾಗಿಲ ಮೂಲೆಯಿಂದ ಬೆರಳು ತೂರುವಷ್ಟು ಬಿರುಕು. ಕಟ್ಟಿದ್ದನ್ನ ನಾನೇ ನಿಂತು ಇಳಿಸಿದೆ. ಮೂರು ಲಕ್ಷ ಹೋಯಿತು. ಅಪ್ಪ ಒಂದು ಮಾತೂ ಬೈಯಲಿಲ್ಲ, ಅದು ಇವತ್ತಿಗೂ ನೋಯುತ್ತೆ.

ಹಾಗಾಗಿ ಈ ಸಲ ಪಾಯ ಮೂರು ಅಂತಸ್ತಿಗೆ, ಮನೆ ಸದ್ಯಕ್ಕೆ ಬೇಕಾದಷ್ಟಕ್ಕೆ. ನಾಲ್ಕೂವರೆ ಅಡಿವರೆಗೆ ಎರೆ, ಅದರ ಕೆಳಗೆ ಗರಸು, ಅಂದರೆ ಗಟ್ಟಿ ಕಲ್ಲುಮಣ್ಣು, ಸಿಕ್ಕಿತು. ಗರಸಿನಲ್ಲಿ ಇನ್ನೂ ಒಂದು ಅಡಿ ಇಳಿದೆ. ಪಾಯಕ್ಕೆ ನಾಲ್ಕೂವರೆ ಲಕ್ಷ ಆಯಿತು. ಒಂದೇ ಅಂತಸ್ತಿಗೆ ಹಾಕಿದ್ದರೆ 80 ಸಾವಿರ ಕಮ್ಮಿ ಆಗ್ತಿತ್ತು, ಅಷ್ಟೇ. ಆ 80 ಸಾವಿರಕ್ಕೆ ಮುಂದೆ ಯಾವಾಗ ಬೇಕಾದರೂ ಏರಿಸಬಹುದು. ಕೆಳಗೆ ಎಂಟು ಚದರ, ಮೇಲೆ ಬಾತ್‌ರೂಮ್ ಸೇರಿ ಎರಡು ಚದರದ ಒಂದು ರೂಮು. ಮೆಟ್ಟಿಲು ಹೊರಗಿನಿಂದ. ನಾಳೆ ಮೇಲೆ ಬೇರೆ ಸಂಸಾರ ಬಂದರೂ ನಮ್ಮ ಹಾಲ್ ದಾಟಬೇಕಾಗಿಲ್ಲ. ಮೆಟ್ಟಿಲ ಎತ್ತರ ಆರಿಂಚು, ಅದರಲ್ಲಿ ಜಗ್ಗಲಿಲ್ಲ. ಒಟ್ಟು 21 ಲಕ್ಷದಲ್ಲಿ ಮುಗಿಸಿದೆ. ನಡುವೆ ಕಂಬಿ ರೇಟು ಏರಿ ನಿದ್ದೆ ಕೆಡಿಸಿತು, ಇಲ್ಲದಿದ್ದರೆ 20ಕ್ಕೇ ನಿಲ್ಲಿಸುತ್ತಿದ್ದೆ.

ಮುಂದೆ ಏರಿಸೋಕೆ ಅಂತ ಪಿಲ್ಲರ್ ಮೇಲೆ ಬಿಟ್ಟ ಕಂಬಿ ತುಕ್ಕು ಹಿಡಿದು ಉದುರೋದನ್ನ ಎಲ್ಲಾ ಊರಲ್ಲೂ ನೋಡಿರ್ತೀರಿ. ನಾನು ಸಿಮೆಂಟ್ ಹಾಲು ಎರಡು ಸಲ ಬಳಿದು, ಬಡ ಕಾಂಕ್ರೀಟಿನ (ಸಿಮೆಂಟ್ ಕಮ್ಮಿ ಹಾಕಿದ್ದು) ಟೋಪಿ ಹಾಕಿದೆ. ಬೇಕಾದಾಗ ಒಡೆದರೆ ಒಳಗೆ ಕಂಬಿ ಹೊಸದರ ಹಾಗೆ. ಟೋಪಿ ಒಳಗೆ ಇನ್ನೊಂದು ಸುತ್ತು ಸುತ್ತಿದ್ದೇನೆ, ಅದು ಏನು ಅಂತ ಇಲ್ಲಿ ಹೇಳಲ್ಲ.

ಮೇಲೆ ಮಹಡಿ ಇಲ್ಲದಿದ್ದರೆ ಬೇಸಿಗೆಗೆ ಕೆಳಗಿನ ರೂಮು ಕಾಯುತ್ತೆ, ಈ ಮಾತನ್ನೂ ಎತ್ತಿದ್ದರು. ಅದು ಸುಳ್ಳಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಥರ್ಮಾಮೀಟರ್ ಇಟ್ಟು ನೋಡಿದೆ. ಮೇಲಿನ ರೂಮಿನ ಅಡಿಯಲ್ಲಿ 34, ಬರೀ ತಾರಸಿ ಅಡಿಯಲ್ಲಿ 38. ಆಗ ತಾರಸಿಯನ್ನ ಮೂರು ಪಾಲು ಮಾಡಿದೆ. ಒಂದಕ್ಕೆ ಒಡೆದ ಬಿಳಿ ಟೈಲ್ಸ್ ಚೂರು, ಒಂದಕ್ಕೆ ಬೋರಲು ಹಾಕಿದ ಮಡಿಕೆ, ಒಂದಕ್ಕೆ ಸುಣ್ಣ. ಮಡಿಕೆ ಎಲ್ಲಕ್ಕಿಂತ ತಂಪು ಕೊಟ್ಟಿತು, ಆದರೆ ಸಂದಿಯಲ್ಲಿ ನೀರು ನಿಂತು ಪಾಚಿ ಕಟ್ಟಿತು. ಕಿತ್ತು ಹಾಕಿದೆ. ಟೈಲ್ಸಿಗೂ ಸುಣ್ಣಕ್ಕೂ ಅರ್ಧ ಡಿಗ್ರಿ ವ್ಯತ್ಯಾಸವೂ ಇಲ್ಲ. ಖರ್ಚು ನೋಡಿದರೆ ಸುಣ್ಣವೇ ಸೈ, ಮೂರು ಡಿಗ್ರಿ ಇಳಿಯಿತು. ಬರೀ ಸುಣ್ಣ ಒಂದು ಮಳೆಗೇ ತೊಳೆದು ಹೋಗುತ್ತೆ. ನನ್ನದು ಎರಡು ಮಳೆಗಾಲ ತಡೆದಿದೆ. ಅದಕ್ಕೆ ಬೆರೆಸೋ ಸಾಮಾನು ನನ್ನ ಅನ್ನದ ವಿಚಾರ, ಬಿಡಿ.

ಗೃಹಪ್ರವೇಶ ಆಗಿ ಒಂದೂವರೆ ವರ್ಷಕ್ಕೆ ಅವ್ವನ ಮಂಡಿ ಆಪರೇಷನ್ ಆಯಿತು. ರೂಮು, ಬಚ್ಚಲು, ದೇವರ ಮನೆ ಎಲ್ಲಾ ಒಂದೇ ನೆಲದಲ್ಲಿ. ವಾಕರ್ ಹಿಡಿದು ಮೂರನೇ ವಾರಕ್ಕೆ ತಾವೇ ಹೋಗಿ ತುಳಸಿಗೆ ನೀರು ಹಾಕಿದರು. ಆವತ್ತು ಅಣ್ಣ ಜಗಲಿ ಮೇಲೇ ಕೂತಿದ್ದ. ಮಹಡಿ ವಿಚಾರ ಆಮೇಲೆ ಎತ್ತಿಲ್ಲ.

ಈಗ ಮಗ ಮೇಲೆ ಇನ್ನೊಂದು ರೂಮು ಬೇಕು ಅಂತಿದ್ದಾನೆ. ಡಬ್ಬ ಮತ್ತೆ ಇಟ್ಟಿದ್ದೇನೆ. ಎರಡನೇ ವಾರ ನಡೀತಿದೆ.